ಘಟ್ಟದಲ್ಲಿ ಮುಗ್ಗರಿಸುವ ಕಾರು

ಸೋಮೇಶ್ವರದವರೆಗೆ ಕಾರಿಗೆ ಏನೂ ಆಗಿರುವುದಿಲ್ಲ. ಆಗುಂಬೆಯ ತಿರುವುಗಳು ಶುರುವಾಗಿ, ಐದು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತ ಗಾಡಿಯ ಆಕ್ಸಿಲರೇಟರ್ ಒತ್ತಿದ್ದೇ ತಡ, ಅದು ಜಗ್ಗತೊಡಗುತ್ತದೆ. ಒಂದೆರಡು ಜರ್ಕ್, ಆಮೇಲೆ ಸರಿ, ಮತ್ತೆ ಜರ್ಕ್. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತದೆ. ಘಟ್ಟದ ಮೇಲೆ ಬಂದು ಸಮತಟ್ಟು ರಸ್ತೆ ಸಿಕ್ಕಿದರೆ ತಂಟೆಯೇ ಇಲ್ಲ. ಮರುದಿನ ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ, ನ್ಯೂಟ್ರಲ್‌ನಲ್ಲಿಟ್ಟು ಎಷ್ಟೇ ರೇಸ್ ಮಾಡಿದರೂ ಒಂದು ಅಪಸ್ವರ ಕೇಳುವುದಿಲ್ಲ. ‘ಗಾಡಿ ಚೆನ್ನಾಗೇ ಇದೆಯಲ್ಲ, ಪೆಟ್ರೋಲ್‌ನಲ್ಲಿ ಏನೋ ಕಸ ಇರಬೇಕು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮುಂದಿನ ಘಟ್ಟದಲ್ಲಿ ಮತ್ತೆ ಅದೇ ಕಥೆ.

ಗ್ಯಾರೇಜಿನ ಭಾಷೆಯಲ್ಲಿ ಇದು ‘ಮಿಸ್ಸಿಂಗ್’. ಮೂರೋ ನಾಲ್ಕೋ ಸಿಲಿಂಡರ್‌ಗಳಲ್ಲಿ ಒಂದು ತನ್ನ ಸರದಿ ಬಂದಾಗ ಉರಿಯದೆ ಉಳಿದುಬಿಡುವುದು. ಇದಕ್ಕೆ ಕಾರಣಗಳು ಹಲವು. ಆದರೆ ಭಾರ ಬಿದ್ದಾಗ ಮಾತ್ರ ಕಾಣಿಸಿಕೊಂಡು, ಭಾರ ಇಳಿದಾಗ ಮಾಯವಾಗುವ ಮಿಸ್ಸಿಂಗ್ ಆದರೆ ಮೊದಲ ಅನುಮಾನ ಇಗ್ನಿಷನ್ ಕಾಯಿಲ್ ಮೇಲೆ, ಅದರ ಜೊತೆಗಾರ ಸ್ಪಾರ್ಕ್ ಪ್ಲಗ್ ಮೇಲೆ. ಕಾಯಿಲ್ ಎಂದರೆ ಕಿಡಿ ಹುಟ್ಟಿಸುವ ತಂತಿಯ ಸುರುಳಿ. ನಾವು ಅದನ್ನು ಕಿಡಿಸುರುಳಿ ಎನ್ನೋಣ. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಮತ್ತು ತಾಮ್ರದ ಮುದ್ದೆ ಅದು. ಅದರೊಳಗೆ ಅಲುಗಾಡುವ ಭಾಗ ಒಂದೂ ಇಲ್ಲ. ಚಕ್ರಕ್ಕಾಗಲಿ ರಸ್ತೆಗಾಗಲಿ ಅದರ ನಂಟಿಲ್ಲ. ಹಾಗಿದ್ದರೆ ಕಾರು ಘಟ್ಟ ಹತ್ತುತ್ತಿದೆ ಎಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ, ಕಿಡಿಸುರುಳಿಯ ರೋಗವನ್ನು ಪತ್ತೆಹಚ್ಚುವ ದಾರಿಯೂ ಸಿಕ್ಕಂತೆಯೇ.

ಕಡಿದಾಗ ಹುಟ್ಟುವ ಕಿಡಿ

ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಬಿಗಿಯಾಗಿ ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್‌ನಲ್ಲಿ ಮಾತ್ರ ಪ್ರತಿ ಸಲವೂ ಒಂದು ಕಿಡಿ ಹಾರಲೇಬೇಕು. ಆ ಕಿಡಿ ಹಾರುವುದು ಪ್ಲಗ್ಗಿನ ತುದಿಯ ಎರಡು ಲೋಹದ ಮೊನೆಗಳ ನಡುವೆ. ನಡುವಿನ ಸಂದು 1 ಮಿಲಿಮೀಟರಿನ ಆಸುಪಾಸು. ನೋಡಲು ಕೂದಲೆಳೆಯಷ್ಟೇ ಕಂಡರೂ ಗಾಳಿ ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡುವ ವಸ್ತುವಲ್ಲ. ಹೊರಗಿನ ಮಾಮೂಲಿ ಗಾಳಿಯಲ್ಲೇ ಅಷ್ಟು ಸಂದು ದಾಟಲು 3,000 ವೋಲ್ಟ್‌ಗೂ ಹೆಚ್ಚು ಬೇಕು. ಸಿಲಿಂಡರಿನೊಳಗೆ ಅದರ ಹಲವು ಪಟ್ಟು ಬೇಕು. ಕಾರಿನ ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್.

ಈ ಅಂತರವನ್ನು ದಾಟಿಸುವ ಗುಟ್ಟು 1831ರ ಆಗಸ್ಟ್ 29ರಂದು ಲಂಡನ್ನಿನಲ್ಲಿ ಮೈಕಲ್ ಫ್ಯಾರಡೆಯ ಕೈಗೆ ಸಿಕ್ಕಿತು. ಆತ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ಬೇರೆ ಬೇರೆ ತಂತಿ ಸುತ್ತಿದ್ದ. ಒಂದಕ್ಕೆ ಬ್ಯಾಟರಿ, ಇನ್ನೊಂದರ ಬಳಿ ವಿದ್ಯುತ್ತಿನ ಸುಳಿವು ಕೊಡುವ ಕಾಂತದ ಮುಳ್ಳು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಅಲುಗಿತು, ಆಮೇಲೆ ಸುಮ್ಮನಾಯಿತು. ಬ್ಯಾಟರಿ ಕಿತ್ತ ಕ್ಷಣ ಮತ್ತೆ ಅಲುಗಿತು, ಈ ಸಲ ಎದುರು ದಿಕ್ಕಿಗೆ. ವಿದ್ಯುತ್ತು ಒಂದೇ ಸಮನೆ ಹರಿಯುತ್ತಿರುವಾಗ ಪಕ್ಕದ ತಂತಿಗೆ ಏನೂ ದಾಟುವುದಿಲ್ಲ; ಕಾಂತಬಲ ಬದಲಾಗುವ ಗಳಿಗೆಯಲ್ಲಿ ಮಾತ್ರ ದಾಟುತ್ತದೆ. ಬದಲಾವಣೆ ಎಷ್ಟು ದಿಢೀರನೆ ಆಗುತ್ತದೋ ಅಷ್ಟು ಹೆಚ್ಚು ವೋಲ್ಟ್.

1836ರಲ್ಲಿ ಐರ್ಲೆಂಡಿನ ಮೇನೂತ್‌ನಲ್ಲಿ ಪಾದ್ರಿಯೂ ವಿಜ್ಞಾನದ ಅಧ್ಯಾಪಕನೂ ಆಗಿದ್ದ ನಿಕೋಲಸ್ ಕ್ಯಾಲನ್ ಇದನ್ನೇ ಹಿಡಿದು, ಬ್ಯಾಟರಿಯಿಂದ ಭಾರಿ ವೋಲ್ಟೇಜ್ ಪಡೆಯುವ ಸುರುಳಿ ಕಟ್ಟಿದ. ಪ್ಯಾರಿಸ್ಸಿನ ಹೈನ್ರಿಕ್ ರೂಮ್‌ಕೋರ್ಫ್ ಅದನ್ನು ಎಷ್ಟು ಚೆನ್ನಾಗಿ ತಯಾರಿಸಿದನೆಂದರೆ 1864ರಲ್ಲಿ ಫ್ರಾನ್ಸಿನ ದೊರೆ ಅವನಿಗೆ 50,000 ಫ್ರಾಂಕ್ ಬಹುಮಾನ ಕೊಟ್ಟ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ ಮತ್ತು ಸುರುಳಿಯ ಈ ಜೋಡಿಯನ್ನು ಹದಗೊಳಿಸಿದ ಮೇಲೆ ಅದು 1910ರ ಕ್ಯಾಡಿಲ್ಯಾಕ್ ಕಾರಿಗೆ ಬಂತು.

ಇಂದಿನ ಕಿಡಿಸುರುಳಿಯಲ್ಲೂ ಇರುವುದು ಅದೇ: ನಡುವೆ ಕಬ್ಬಿಣದ ತಿರುಳು, ಅದಕ್ಕೆ ದಪ್ಪ ತಂತಿಯ ನೂರಿನ್ನೂರು ಸುತ್ತು, ಜೊತೆಗೆ ತೆಳು ತಂತಿಯ ಹತ್ತಿಪ್ಪತ್ತು ಸಾವಿರ ಸುತ್ತು. ಎಂಜಿನ್‌ನ ಕಂಪ್ಯೂಟರ್ ದಪ್ಪ ತಂತಿಗೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಮೂರರಷ್ಟು ಹೊತ್ತು ವಿದ್ಯುತ್ತು ಬಿಡುತ್ತದೆ. ತಿರುಳಿನ ಸುತ್ತ ಕಾಂತಶಕ್ತಿ ತುಂಬಿಕೊಳ್ಳುತ್ತದೆ. ಸರಿಯಾದ ಗಳಿಗೆಗೆ ಕಂಪ್ಯೂಟರ್ ವಿದ್ಯುತ್ತನ್ನು ತಟ್ಟನೆ ಕಡಿಯುತ್ತದೆ. ಕಾಂತಶಕ್ತಿ ಕುಸಿಯುವ ಆ ರಭಸಕ್ಕೆ ದಪ್ಪ ತಂತಿಯಲ್ಲೇ 300–400 ವೋಲ್ಟ್ ಏಳುತ್ತದೆ. ಸುತ್ತು ನೂರು ಪಟ್ಟು ಇರುವ ತೆಳು ತಂತಿಯಲ್ಲಿ ಅದು 30,000–40,000ದವರೆಗೆ ಹೋಗಬಲ್ಲದು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಒಂದೊಂದು ಪ್ಲಗ್ಗಿನಲ್ಲೂ ಸೆಕೆಂಡಿಗೆ 25 ಸಲ ಈ ಕೆಲಸ ನಡೆಯುತ್ತಿರುತ್ತದೆ.

ಕೆರೆ ಮತ್ತು ಕೋಡಿ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ಹುಟ್ಟುತ್ತದೆ. ಕಾಯಿಲ್‌ನ ಶಕ್ತಿ 40,000 ವೋಲ್ಟ್ ಎಂದಾದರೆ ಪ್ರತಿ ಕಿಡಿಗೂ ಅಷ್ಟು ವೋಲ್ಟ್ ಖರ್ಚಾಗುತ್ತದೆ ಎಂಬುದು. ಹಾಗಿಲ್ಲ. ಯಾವ ಕಿಡಿಗೆ ಎಷ್ಟು ವೋಲ್ಟ್ ಎಂಬುದನ್ನು ನಿರ್ಧರಿಸುವುದು ಸುರುಳಿಯಲ್ಲ, ಪ್ಲಗ್ಗಿನ ಸಂದು.

ಮಳೆಗೆ ತುಂಬುತ್ತಿರುವ ಕೆರೆಯೊಂದನ್ನು ಯೋಚಿಸಿ. ನೀರಿನ ಮಟ್ಟ ಏರುತ್ತ ಏರುತ್ತ ಕೋಡಿಯ ಅಂಚಿಗೆ ಬಂದೊಡನೆ ಹೊರಗೆ ಹರಿಯುತ್ತದೆ; ಅಲ್ಲಿಂದ ಮೇಲೆ ಮಟ್ಟ ಏರುವುದಿಲ್ಲ. ಕೆರೆಯ ಏರಿ ಕೋಡಿಗಿಂತ ಎಷ್ಟೇ ಎತ್ತರವಿರಲಿ, ನೀರು ಎಲ್ಲಿಯವರೆಗೆ ಏರುತ್ತದೆ ಎಂದು ಹೇಳುವುದು ಕೋಡಿಯೇ. ಕಿಡಿಸುರುಳಿಯ ವೋಲ್ಟೇಜ್ ಈ ನೀರಿನ ಮಟ್ಟ. ಪ್ಲಗ್ಗಿನ ಸಂದು ಕೋಡಿ. ವೋಲ್ಟೇಜ್ ಏರುತ್ತ ಹೋಗಿ, ಸಂದಿನ ಗಾಳಿ ಇನ್ನು ತಡೆಯಲಾರದು ಎಂಬ ಮಟ್ಟ ಮುಟ್ಟಿದ ಕೂಡಲೇ ಕಿಡಿ ಹಾರುತ್ತದೆ. ಹಾರಿದ ಮೇಲೆ ವೋಲ್ಟೇಜ್ ಕುಸಿದು, ಉಳಿದ ಶಕ್ತಿ ಒಂದೆರಡು ಮಿಲಿಸೆಕೆಂಡ್ ಕಾಲ ಕಿಡಿಯನ್ನು ಉರಿಸುತ್ತದೆ. ಸಂದಿಗೆ 10,000 ವೋಲ್ಟ್ ಸಾಕಾದರೆ ಸುರುಳಿ ಏಳುವುದು 10,000ಕ್ಕೆ ಮಾತ್ರ. ಮಿಕ್ಕ ತಾಕತ್ತು ಮೀಸಲು.

ಈ ಮೀಸಲು ಇರುವುದರಿಂದಲೇ ಅರೆಬರೆ ಕೆಟ್ಟ ಸುರುಳಿಯೂ ಬಹಳ ದಿನ ಗುಟ್ಟು ಬಿಟ್ಟುಕೊಡದೆ ಓಡುತ್ತದೆ. ಗುಟ್ಟು ರಟ್ಟಾಗುವುದು ಕೋಡಿ ಎತ್ತರವಾದ ದಿನ.

ಆಕ್ಸಿಲರೇಟರ್ ಒತ್ತಿದಾಗ ಆಗುವುದು

1889ರಲ್ಲಿ ಜರ್ಮನಿಯ ಫ್ರೀಡ್ರಿಕ್ ಪಾಶೆನ್ ಬೇರೆ ಬೇರೆ ಒತ್ತಡದ ಅನಿಲಗಳಲ್ಲಿ ಕಿಡಿ ಹಾರಿಸಿ ನೋಡಿದ. ಕಿಡಿಗೆ ಬೇಕಾದ ವೋಲ್ಟೇಜ್ ಎರಡು ಸಂಗತಿಗಳನ್ನು ಅವಲಂಬಿಸಿತ್ತು: ಸಂದಿನ ಅಗಲ ಮತ್ತು ಅನಿಲದ ಒತ್ತಡ. ಪ್ಲಗ್ಗಿನಂಥ ಸಂದಿನಲ್ಲಿ ಎರಡರಲ್ಲಿ ಯಾವುದು ಹೆಚ್ಚಿದರೂ ವೋಲ್ಟೇಜ್ ಹೆಚ್ಚು ಬೇಕು. ಕಾರಣ ಅನಿಲದ ಒಳಗೇ ಇದೆ. ಕಿಡಿ ಶುರುವಾಗಬೇಕಾದರೆ ಸಂದಿನಲ್ಲಿ ಓಡುವ ಎಲೆಕ್ಟ್ರಾನ್ ಎದುರು ಸಿಕ್ಕ ಅಣುವಿನಿಂದ ಇನ್ನೊಂದು ಎಲೆಕ್ಟ್ರಾನನ್ನು ಕಿತ್ತು ಹಾಕುವಷ್ಟು ರಭಸ ಗಳಿಸಬೇಕು. ಅನಿಲ ದಟ್ಟವಾಗಿದ್ದರೆ ರಭಸ ಬರುವ ಮೊದಲೇ ಅದು ಯಾವುದೋ ಅಣುವಿಗೆ ಡಿಕ್ಕಿ ಹೊಡೆಯುತ್ತದೆ. ಅಷ್ಟು ಚಿಕ್ಕ ಓಟದಲ್ಲೇ ರಭಸ ಬರಬೇಕೆಂದರೆ ವೋಲ್ಟೇಜ್ ಏರಬೇಕು.

ಈಗ ಘಟ್ಟಕ್ಕೆ ಬನ್ನಿ. ಪೆಟ್ರೋಲ್ ಕಾರಿನಲ್ಲಿ ನಮ್ಮ ಕಾಲು ನಿಯಂತ್ರಿಸುವುದು ಮುಖ್ಯವಾಗಿ ಗಾಳಿಯನ್ನು. ಆಕ್ಸಿಲರೇಟರ್ ಬಿಟ್ಟಿದ್ದಾಗ ಗಾಳಿಯ ಬಾಗಿಲು, ಅಂದರೆ ಥ್ರಾಟಲ್, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಆಗ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಹೊರಗಿನದರ ಮೂರನೆಯ ಒಂದು ಭಾಗದಷ್ಟು. ಘಟ್ಟದಲ್ಲಿ ಪೂರ್ತಿ ಒತ್ತಿದಾಗ ಬಾಗಿಲು ತೆರೆದು, ಅದೇ ಸಿಲಿಂಡರಿಗೆ ಸುಮಾರು ಮೂರು ಪಟ್ಟು ಗಾಳಿ ನುಗ್ಗುತ್ತದೆ. ಪಿಸ್ಟನ್ ಅದನ್ನು ಒತ್ತಿ ಕಿರಿದಾಗಿಸಿದಾಗ ಕಿಡಿ ಹಾರಬೇಕಾದ ಗಳಿಗೆಯ ಒತ್ತಡವೂ ಅಷ್ಟೇ ಪಟ್ಟು ಏರಿರುತ್ತದೆ. ಐಡ್ಲಿಂಗ್‌ನಲ್ಲಿ 8,000–10,000 ವೋಲ್ಟಿಗೆ ಹಾರುತ್ತಿದ್ದ ಕಿಡಿಗೆ ಈಗ 20,000 ದಾಟಬೇಕಾಗಬಹುದು.

ಕಿಡಿಸುರುಳಿಗೆ ಘಟ್ಟ ಗೊತ್ತಾಗುವುದು ಹೀಗೆ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ ತೊಂದರೆ ಕಾಣದಿರುವ ಕಾರಣವೂ ಇದೇ: ಭಾರವಿಲ್ಲದ ಎಂಜಿನ್ ಕಿರುಚುವಷ್ಟು ವೇಗವಾಗಿ ತಿರುಗಲು ಥ್ರಾಟಲ್ ಚೂರು ತೆರೆದರೂ ಸಾಕು. ಸದ್ದು ಜೋರಾದರೂ ಸಿಲಿಂಡರಿನ ಒತ್ತಡ ಕಡಿಮೆಯೇ. ಅದು ಸುರುಳಿಗೆ ಪರೀಕ್ಷೆಯೇ ಅಲ್ಲ.

ಇದರಿಂದ ಚಾಲಕನಿಗೇ ಮಾಡಬಹುದಾದ ಒಂದು ಪರೀಕ್ಷೆ ಹುಟ್ಟುತ್ತದೆ. ಏರುರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ಜರ್ಕ್ ಬಂದರೆ ಎರಡಕ್ಕೋ ಮೂರಕ್ಕೋ ಇಳಿಸಿ ಅದೇ ವೇಗದಲ್ಲಿ ಹೋಗಿ. ಕೆಳಗಿನ ಗೇರಿನಲ್ಲಿ ಎಂಜಿನ್ ಹೆಚ್ಚು ಸಲ ತಿರುಗುವುದರಿಂದ ಪ್ರತಿ ಸಲ ಮಾಡಬೇಕಾದ ಕೆಲಸ ಕಡಿಮೆ, ಸೇರುವ ಗಾಳಿ ಕಡಿಮೆ, ಒತ್ತಡ ಕಡಿಮೆ. ಜರ್ಕ್ ಅಲ್ಲಿಗೆ ನಿಂತರೆ, ಕಿಡಿಯ ಕಡೆಗೆ ಬೆರಳು ತೋರಿಸುವ ಒಳ್ಳೆಯ ಸುಳಿವು ಅದು.

ಏರಿಯ ಬಿರುಕು

ಕೋಡಿ ಎತ್ತರವಾದಾಗ ನೀರು ಎರಡು ರೀತಿ ಕೈಕೊಡಬಹುದು. ಒಂದು, ಅಷ್ಟು ಎತ್ತರಕ್ಕೆ ಏರುವಷ್ಟು ನೀರೇ ಇಲ್ಲದಿರುವುದು. ಸುರುಳಿಯ ಒಳಗಿನ ತೆಳು ತಂತಿಯ ಮೇಲಿನ ವಾರ್ನಿಷ್ ಲೇಪ ಎಲ್ಲೋ ಸುಟ್ಟು ಪಕ್ಕಪಕ್ಕದ ಸುತ್ತುಗಳು ಒಂದಕ್ಕೊಂದು ತಾಗಿದರೆ, ಶಕ್ತಿಯಲ್ಲಿ ಒಂದು ಪಾಲು ಅಲ್ಲೇ ಬಿಸಿಯಾಗಿ ಕರಗುತ್ತದೆ. ಕನೆಕ್ಟರ್ ಸಡಿಲವಾಗಿದ್ದರೆ, ಅದರ ಪಿನ್ನಿಗೆ ತುಕ್ಕು ಹಿಡಿದಿದ್ದರೆ, ದಪ್ಪ ತಂತಿಗೆ ಬರುವ ವಿದ್ಯುತ್ತೇ ಕಡಿಮೆಯಾಗುತ್ತದೆ.

ಎರಡನೆಯದು, ನೀರು ಕೋಡಿ ಮುಟ್ಟುವ ಮೊದಲೇ ಏರಿಯ ಬಿರುಕಿನಲ್ಲಿ ನುಸುಳಿ ಹೋಗುವುದು. ಸುರುಳಿಯಿಂದ ಪ್ಲಗ್ಗಿನವರೆಗೆ ರಬ್ಬರಿನ ಒಂದು ಕೊಳವೆ ಇರುತ್ತದೆ. ಗ್ಯಾರೇಜಿನವರು ‘ಬೂಟ್’ ಎನ್ನುವುದು ಅದನ್ನೇ. ಪಕ್ಕದಲ್ಲಿ ಎಂಜಿನ್ನಿನ ಲೋಹ. ಬೂಟಿನಲ್ಲಿ ಕೂದಲೆಳೆಯ ಸೀಳು ಬಿಟ್ಟರೆ 10,000 ವೋಲ್ಟಿನವರೆಗೆ ಏನೂ ಆಗದೆ ಇರಬಹುದು. 15,000 ದಾಟಿದಾಗ ಆ ಸೀಳೇ ಪ್ಲಗ್ಗಿನ ಸಂದಿಗಿಂತ ಸುಲಭದ ದಾರಿಯಾಗುತ್ತದೆ. ಕಿಡಿ ಹಾರುತ್ತದೆ, ಆದರೆ ಸಿಲಿಂಡರಿನ ಹೊರಗೆ. ಒಳಗಿನ ಪೆಟ್ರೋಲ್ ಉರಿಯದೆ ಹೊರಬೀಳುತ್ತದೆ.

ಹೀಗೆ ಒಮ್ಮೆ ಕಿಡಿ ಹರಿದ ಜಾಗ ಸುಟ್ಟು, ಇಂಗಾಲದ ತೆಳು ಗೆರೆ ಮೂಡುತ್ತದೆ. ಇಂಗಾಲ ವಿದ್ಯುತ್ತನ್ನು ಹರಿಯಗೊಡುವ ವಸ್ತು. ಮುಂದಿನ ಸಲ ಅದೇ ದಾರಿ ಇನ್ನಷ್ಟು ಸಲೀಸು. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ, ಬೂಟಿನ ಒಳಮೈಯಲ್ಲಿ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪು ಗೆರೆ ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ.

ಬಿರುಕು ಬಿಡಿಸುವ ಕಾರಣಗಳು ನಾಲ್ಕಾರು. ಎಂಜಿನ್ನಿನ ತಲೆಯ ಮೇಲೆಯೇ ಕೂತಿರುವ ಸುರುಳಿ ದಿನವೂ ಕಾದು ಆರುವುದು ಮೊದಲನೆಯದು. ತಣ್ಣಗಿದ್ದಾಗ ಚೆನ್ನಾಗಿದ್ದು, ಅರ್ಧ ಗಂಟೆ ಓಡಿದ ಮೇಲೆ ಮುಗ್ಗರಿಸಿ, ಆರಿದ ಮೇಲೆ ಮತ್ತೆ ಸರಿಹೋಗುವ ಸುರುಳಿಗಳ ಕಥೆ ಇದು. ಬಿಸಿಗೆ ಹಿಗ್ಗಿದಾಗ ಬಿರುಕು ತೆರೆದುಕೊಳ್ಳುತ್ತದೆ. ಎಂಜಿನ್ ಮೇಲ್ಮುಚ್ಚಳದ ಗ್ಯಾಸ್ಕೆಟ್ ಸೋರಿ, ಪ್ಲಗ್ ಕೂತ ಗುಳಿಗೆ ಆಯಿಲ್ ಇಳಿದು ರಬ್ಬರನ್ನು ಮೆತ್ತಗಾಗಿಸುವುದು ಇನ್ನೊಂದು. ಮೂರನೆಯದು ನೀರು. ಸರ್ವಿಸ್ ಸ್ಟೇಷನ್ನಿನಲ್ಲಿ ಬಾನೆಟ್ ತೆರೆದು ಪೈಪ್ ಹಿಡಿದ ಮರುದಿನ, ಮಲೆನಾಡಿನ ಜುಲೈ ಮಳೆಯಲ್ಲಿ, ಮಿಸ್ಸಿಂಗ್ ಹೆಚ್ಚುವುದು ಈ ಕಾರಣಕ್ಕೆ.

ಕತ್ತಲಲ್ಲಿ ಬಾನೆಟ್ ತೆರೆದು ಓಡುವ ಎಂಜಿನ್ನನ್ನು ದೂರದಿಂದಲೇ ನೋಡಿದರೆ ಕೆಲವೊಮ್ಮೆ ಬೂಟಿನ ಬುಡದಲ್ಲಿ ನೀಲಿ ಮಿಂಚು ಕಾಣುತ್ತದೆ, ಟಿಕ್ ಟಿಕ್ ಸದ್ದು ಕೇಳುತ್ತದೆ. ಮೂಗಿಗೆ ಬರುವ ಚುರುಕು ವಾಸನೆ ಓಜೋನ್‌ನದು. ಕಿಡಿ ಗಾಳಿಯ ಆಮ್ಲಜನಕವನ್ನು ಒಡೆದು ಕಟ್ಟಿದ ಅನಿಲ.

ದೀಪ ಹೇಳುವುದೆಷ್ಟು

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಇಡೀ ಎಂಜಿನ್ನಿಗೆ ಒಂದೇ ಕಾಯಿಲ್. ಡಿಸ್ಟ್ರಿಬ್ಯೂಟರ್ ಅದರ ಕಿಡಿಯನ್ನು ನಾಲ್ಕು ಪ್ಲಗ್ಗಿಗೆ ಹಂಚುತ್ತಿತ್ತು. ಕಾಯಿಲ್ ಸತ್ತರೆ ಗಾಡಿ ರಸ್ತೆಯಲ್ಲೇ ನಿಲ್ಲುತ್ತಿತ್ತು, ಅನುಮಾನಕ್ಕೆ ಎಡೆಯಿರಲಿಲ್ಲ. ಈಗ ಹೆಚ್ಚಿನ ಕಾರುಗಳಲ್ಲಿ ಪ್ಲಗ್ಗಿಗೊಂದು ಕಾಯಿಲ್. ಒಂದು ಕೆಟ್ಟರೂ ಉಳಿದವು ಎಳೆದುಕೊಂಡು ಹೋಗುತ್ತವೆ. ಹಾಗಾಗಿ ಮೊದಲ ಪ್ರಶ್ನೆ: ಯಾವ ಸಿಲಿಂಡರ್?

ಅದಕ್ಕೆ ಕಂಪ್ಯೂಟರ್ ಉತ್ತರ ಕೊಡುತ್ತದೆ. ಅದು ಕಿಡಿಯನ್ನು ನೋಡುವುದಿಲ್ಲ. ಕ್ರ್ಯಾಂಕ್ ದಂಡದ ಹಲ್ಲುಚಕ್ರವನ್ನು ನೋಡುತ್ತಿರುತ್ತದೆ. ಪ್ರತಿ ಸಿಲಿಂಡರ್ ಉರಿದಾಗ ಚಕ್ರಕ್ಕೆ ಒಂದು ತಳ್ಳು ಸಿಗುತ್ತದೆ. ಎರಡನೆಯ ಸಿಲಿಂಡರಿನ ಸರದಿಯಲ್ಲಿ ಆ ತಳ್ಳು ಬಾರದೆ ಚಕ್ರ ಕ್ಷಣಕಾಲ ನಿಧಾನವಾದರೆ, ಪಿ0302 ಎಂಬ ಸಂಕೇತ ದಾಖಲಾಗುತ್ತದೆ. ಮೂರನೆಯದಾದರೆ ಪಿ0303. ಯಾವುದೆಂದು ಗೊತ್ತುಪಡಿಸಲಾಗದಿದ್ದರೆ, ಅಥವಾ ಹಲವು ಸೇರಿದ್ದರೆ, ಪಿ0300. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ಈ ಪದ್ಧತಿಯ ಸಂಕೇತಗಳನ್ನೇ ನಮ್ಮ ಊರಿನ ಗ್ಯಾರೇಜಿನ ಸ್ಕ್ಯಾನರ್ ಕೂಡ ಓದುತ್ತದೆ.

ಇಲ್ಲೇ ಹಲವರು ಎಡವುವುದು. ಪಿ0302 ಎಂದರೆ ‘ಎರಡನೆಯ ಕಾಯಿಲ್ ಕೆಟ್ಟಿದೆ’ ಎಂದಲ್ಲ, ‘ಎರಡನೆಯ ಸಿಲಿಂಡರ್ ಉರಿಯಲಿಲ್ಲ’ ಎಂದು ಮಾತ್ರ. ಅಪರಾಧಿ ಕಾಯಿಲ್ ಇರಬಹುದು, ಪ್ಲಗ್ ಇರಬಹುದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರಬಹುದು, ವಾಲ್ವ್ ಸೋರಿ ಒತ್ತಡವೇ ಕಟ್ಟದಿರಬಹುದು. ಪಿ0352 ಬಂದರೆ ಮಾತು ಬೇರೆ. ಅದು ಎರಡನೆಯ ಕಾಯಿಲ್‌ನ ವಿದ್ಯುತ್ ಜಾಲದಲ್ಲೇ ದೋಷ ಕಂಡಿದೆ ಎನ್ನುತ್ತದೆ. ಆಗಲೂ ಕಾಯಿಲ್ ಜೊತೆಗೆ ಅದರ ವೈರು, ಕನೆಕ್ಟರ್‌ಗಳನ್ನು ನೋಡಬೇಕು.

ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗಬಹುದು. ಮಿನುಗತೊಡಗಿದರೆ ಆಕ್ಸಿಲರೇಟರ್ ಸಡಿಲಿಸಲೇಬೇಕು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದು ಅದರ ಅರ್ಥ. ಆ ಬಿಸಿಗೆ ಒಳಗಿನ ಪಿಂಗಾಣಿಯ ಜಾಲರಿ ಕರಗಿದರೆ, ಖರ್ಚು ಕಾಯಿಲ್‌ನ ಬೆಲೆಯ ಎಷ್ಟೋ ಪಟ್ಟು.

ಅದಲುಬದಲು

ಶಂಕಿತರು ನಾಲ್ವರು. ಇವರಲ್ಲಿ ಒಬ್ಬನನ್ನು ಬೇರ್ಪಡಿಸಲು ಗ್ಯಾರೇಜಿನಲ್ಲಿ ನಡೆಯುವ ಕ್ರಮ ಪ್ರಯೋಗಶಾಲೆಗೆ ಒಪ್ಪುವಂಥದ್ದು. ಎಂಜಿನ್ ಆಫ್ ಮಾಡಿ, ಆರಲು ಬಿಟ್ಟು, ಎರಡನೆಯ ಕಾಯಿಲನ್ನು ಮೂರನೆಯ ಸಿಲಿಂಡರಿಗೂ ಮೂರನೆಯದನ್ನು ಎರಡನೆಯದಕ್ಕೂ ಹಾಕುತ್ತಾರೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ಹಳೆಯ ಸಂಕೇತ ಅಳಿಸಿ ಗಾಡಿ ಓಡಿಸುತ್ತಾರೆ.

ಈಗ ಪಿ0303 ಬಂದರೆ ದೋಷ ಕಾಯಿಲ್ ಜೊತೆ ಸ್ಥಳಾಂತರವಾಗಿದೆ, ಅಪರಾಧಿ ಸಿಕ್ಕ. ಮತ್ತೆ ಪಿ0302 ಬಂದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ಗುಗಳನ್ನು ಅದೇ ರೀತಿ ಬದಲಿಸಿ ನೋಡಬೇಕು. ಅದೂ ಅಲ್ಲದಿದ್ದರೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಇಲ್ಲಿಯ ಶಿಸ್ತು. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಕದಲಿಸಿದರೆ ಯಾವುದು ಕಾರಣವೆಂದು ಯಾರಿಗೂ ತಿಳಿಯುವುದಿಲ್ಲ.

ಬದಲಿಸಿದ ಮೇಲೆ ಗ್ಯಾರೇಜಿನಲ್ಲೇ ರೇಸ್ ಮಾಡಿ ‘ಸರಿಯಾಯಿತು’ ಎಂದರೆ ಪ್ರಯೋಗ ಕೆಟ್ಟಂತೆ. ದೋಷ ಕಾಣಿಸಿಕೊಂಡ ಸ್ಥಿತಿಯಲ್ಲೇ ಪರೀಕ್ಷೆ ಆಗಬೇಕು: ಎಂಜಿನ್ ಬಿಸಿಯಾಗಿರಬೇಕು, ಏರುರಸ್ತೆ ಬೇಕು, ಮೇಲಿನ ಗೇರು ಬೇಕು. ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಕಾರಾದರೆ ಇನ್ನೊಂದು ಅನುಕೂಲವಿದೆ. ಸಿಎನ್‌ಜಿ ಕಿಡಿಗೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟ್ ಕೇಳುತ್ತದೆ. ಗ್ಯಾಸ್‌ನಲ್ಲಿ ಜರ್ಕ್, ಪೆಟ್ರೋಲಿಗೆ ಬದಲಿಸಿದರೆ ಸರಿ ಎಂದಾದರೆ ಗ್ಯಾಸ್ ಕಿಟ್ ಬಿಚ್ಚುವ ಮೊದಲು ಪ್ಲಗ್ ಮತ್ತು ಕಾಯಿಲ್ ನೋಡುವುದು ಜಾಣತನ.

ಓಡುತ್ತಿರುವ ಎಂಜಿನ್‌ನಿಂದ ಪ್ಲಗ್ ವೈರ್ ಕಿತ್ತು ಕಿಡಿ ನೋಡುವ ಹಳೆಯ ಅಭ್ಯಾಸವೊಂದಿದೆ. ಈಗಿನ ಕಾರುಗಳಲ್ಲಿ ಅದು ಸಲ್ಲದು. ಶಾಕ್‌ನ ಅಪಾಯ ಒಂದು ಕಡೆ. ಇನ್ನೊಂದು ಕಡೆ, ಕೋಡಿಯನ್ನೇ ಮುಚ್ಚಿದಂತಾಗಿ ವೋಲ್ಟೇಜ್ ತನ್ನ ಗರಿಷ್ಠಕ್ಕೇರಿ ಸುರುಳಿಯ ಒಳಗೇ ದಾರಿ ಕೊರೆಯುತ್ತದೆ. ಚೆನ್ನಾಗಿದ್ದ ಕಾಯಿಲ್ ಪರೀಕ್ಷೆಯಿಂದಲೇ ಸಾಯಬಹುದು.

ಮೀಟರ್ ಏಕೆ ಸಾಲದು

ಮಲ್ಟಿಮೀಟರಿನಲ್ಲಿ ಕಾಯಿಲ್‌ನ ತಡೆ ಅಳೆದು ನೋಡುವುದೂ ಇದೆ. ದಪ್ಪ ತಂತಿಯದು ಒಂದು ಓಮ್ ಆಸುಪಾಸು, ತೆಳು ತಂತಿಯದು ಹಲವು ಸಾವಿರ ಓಮ್. ಸರಿಯಾದ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿ ಸಿಗುತ್ತದೆ. ತಂತಿ ಪೂರ್ತಿ ತುಂಡಾಗಿದ್ದರೆ ಮೀಟರ್ ಹೇಳಿಬಿಡುತ್ತದೆ. ಆದರೆ ಅಂಕಿ ಸರಿಯಿದೆ ಎಂದರೆ ಕಾಯಿಲ್ ಸರಿಯಿದೆ ಎಂದಲ್ಲ. ಮೀಟರ್ ತಂತಿಗೆ ಕಳಿಸುವುದು ಅದರ ಸಣ್ಣ ಬ್ಯಾಟರಿಯ ಒಂದೆರಡು ವೋಲ್ಟ್. 15,000 ವೋಲ್ಟಿಗೆ ಬಾಯಿ ಬಿಡುವ ಬಿರುಕು ಅಷ್ಟಕ್ಕೆ ಬಾಯಿ ಬಿಡುವುದಿಲ್ಲ. ಹದಿನೈದು ಸಾವಿರ ಸುತ್ತುಗಳಲ್ಲಿ ಹತ್ತಿಪ್ಪತ್ತು ತಾಗಿಕೊಂಡಿದ್ದರೂ ಒಟ್ಟು ತಡೆಯಲ್ಲಿ ಕಾಣುವ ವ್ಯತ್ಯಾಸ ತೀರ ಅಲ್ಪ. ಒಳಗೇ ಟ್ರಾನ್ಸಿಸ್ಟರ್ ಇರುವ ಕಾಯಿಲ್‌ಗಳಲ್ಲಂತೂ ದಪ್ಪ ತಂತಿಯ ಅಳತೆಗೆ ಅರ್ಥವೇ ಇಲ್ಲ.

ಅದಕ್ಕಿಂತ ನಂಬಬಹುದಾದದ್ದು ಸ್ಪಾರ್ಕ್ ಟೆಸ್ಟರ್: ಸಂದನ್ನು ಅಗಲ ಮಾಡಬಹುದಾದ ಒಂದು ಸಾಧನ. ಹೊರಗಿನ ಗಾಳಿಯಲ್ಲಿ ಸಿಲಿಂಡರಿನ ಒತ್ತಡ ಇಲ್ಲ; ಆ ಕೊರತೆಯನ್ನು ಸಂದಿನ ಅಗಲದಿಂದ ತುಂಬಿಕೊಳ್ಳಬಹುದು ಎಂಬುದು ಪಾಶೆನ್ ಕಂಡ ನಿಯಮದ್ದೇ ಫಲ. ಹಲವು ಮಿಲಿಮೀಟರ್ ಸಂದಿನಲ್ಲೂ ನೀಲಿ ಕಿಡಿ ತಪ್ಪದೆ ಹಾರಿದರೆ ಸುರುಳಿಗೆ ತಾಕತ್ತಿದೆ. ಬಿಚ್ಚಿದ ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಕಿಡಿ ನೋಡಿದರೆ ಅಷ್ಟು ತಿಳಿಯದು. ಅದು ಗಿಡ್ಡ ಕೋಡಿ, ಸೋರುವ ಸುರುಳಿಯೂ ಅದನ್ನು ದಾಟೀತು.

ಹೊಸ ಕಾಯಿಲ್ ಬೇಗ ಸಾಯುವುದು

ಕಾಯಿಲ್ ಬದಲಿಸಿ ಕೆಲವೇ ತಿಂಗಳಿಗೆ ಮತ್ತೆ ಅದೇ ಸಿಲಿಂಡರ್ ಮಿಸ್ಸಿಂಗ್ ಹೊಡೆದರೆ ‘ಡೂಪ್ಲಿಕೇಟ್ ಮಾಲು’ ಎಂದು ಅಂಗಡಿಯವನನ್ನು ಬೈಯುವುದು ವಾಡಿಕೆ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಪ್ಲಗ್ಗನ್ನು ಕೇಳದೆ ತೀರ್ಪು ಕೊಡಬಾರದು.

ಪ್ರತಿ ಕಿಡಿಯೂ ಪ್ಲಗ್ಗಿನ ಮೊನೆಯಿಂದ ಲೋಹದ ಕಣವೊಂದನ್ನು ತಿಂದು ಹೋಗುತ್ತದೆ. ಸಾವಿರಾರು ಕಿಲೋಮೀಟರ್ ಓಡಿದ ಮೇಲೆ 0.8 ಮಿಲಿಮೀಟರ್ ಇದ್ದ ಸಂದು 1.2 ಆಗಿರಬಹುದು. ಮೊನೆಯ ಚೂಪು ಅಂಚು ಸವೆದು ಗುಂಡಗಾಗುವುದರಿಂದಲೂ ಕಿಡಿಗೆ ಹೆಚ್ಚು ವೋಲ್ಟ್ ಬೇಕಾಗುತ್ತದೆ. ಅಂದರೆ ಘಟ್ಟವಿರಲಿ, ಸಮತಟ್ಟಿರಲಿ, ಕೋಡಿ ಶಾಶ್ವತವಾಗಿ ಎತ್ತರವಾಗಿದೆ. ಸುರುಳಿಯ ವಾರ್ನಿಷ್, ರಾಳ, ರಬ್ಬರು ಎಲ್ಲವೂ ಸೆಕೆಂಡಿಗೆ ಹತ್ತಾರು ಸಲ ಆ ಹೆಚ್ಚುವರಿ ವೋಲ್ಟೇಜನ್ನು ತಡೆದು ನಿಲ್ಲಬೇಕು. ಎಲ್ಲೋ ಒಂದು ಕಡೆ ಸೋಲುತ್ತದೆ. ಸತ್ತದ್ದು ಕಾಯಿಲ್, ಕೊಂದದ್ದು ಪ್ಲಗ್. ಅದೇ ಪ್ಲಗ್ಗಿನ ಮೇಲೆ ಹೊಸ ಕಾಯಿಲ್ ಕೂರಿಸಿದರೆ ಅದಕ್ಕೂ ಅದೇ ಗತಿ.

ಹಾಗಾಗಿ ಕಾಯಿಲ್ ಬದಲಿಸುವವರು ಪ್ಲಗ್ಗಿನ ಸಂದನ್ನು ಗೇಜ್ ಇಟ್ಟು ಅಳೆಯಬೇಕು. ಕೈಪಿಡಿ ಹೇಳಿದ ಮಿತಿ ದಾಟಿದ್ದರೆ ಪ್ಲಗ್ಗುಗಳೆಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಗುಳಿಯಲ್ಲಿ ಆಯಿಲ್ ಇದ್ದರೆ ಗ್ಯಾಸ್ಕೆಟ್ ಹಾಕಿಸಬೇಕು, ನೀರು ಇಳಿಯುತ್ತಿದ್ದರೆ ಅದರ ದಾರಿ ಮುಚ್ಚಬೇಕು. ಸುರುಳಿ ತನ್ನನ್ನು ಕೇಳಿದಷ್ಟು ವೋಲ್ಟ್ ಕೊಡುತ್ತದೆ, ಕೊಡಲಾಗದ ದಿನ ಸೋರುತ್ತದೆ. ಗ್ಯಾರೇಜಿನಿಂದ ಹೊರಡುವ ಮುನ್ನ ‘ಕಾಯಿಲ್ ಹಾಕಿದಿರಾ’ ಎಂದು ಕೇಳಿದರೆ ಸಾಲದು. ‘ಹಳೆಯ ಕಾಯಿಲ್ ಯಾಕೆ ಹೋಯಿತು’ ಎಂದೂ ಕೇಳಿ. ರಿಪೇರಿ ಪೂರ್ತಿಯಾಗುವುದು ಆ ಪ್ರಶ್ನೆಗೆ ಉತ್ತರ ಸಿಕ್ಕಾಗ.